ಹೆಸರು ಹೇಳಲಿಲ್ಲ, ಆದರೂ ಹೇಳಿಬಿಟ್ಟೆ

ಚರ್ಚಿನಲ್ಲಿ ಸಭಾಪಾಲಕನ ಕೆಲಸಕ್ಕೆ ಬಂದು 22 ವರ್ಷವಾಯಿತು. ಅದರಲ್ಲಿ ಆರು ವರ್ಷ ಮಂಡ್ಯ ಜಿಲ್ಲೆಯಲ್ಲಿ, ವಿಶ್ವೇಶ್ವರಯ್ಯ ನಾಲೆ ಹಾದುಹೋಗುವ ಒಂದು ಸಣ್ಣ ಊರಿನ ಸಭೆಯಲ್ಲಿ ಕಳೆದೆ. ಈ ಕೆಲಸದ ಬಗ್ಗೆ ಏನಾದರೂ ಕಲಿತಿದ್ದರೆ ಅಲ್ಲೇ. ಹೊಸದಾಗಿ ದೀಕ್ಷೆಯಾದ ಹುಡುಗರು ಆಗಾಗ ಫೋನ್ ಮಾಡಿ, "ಅಯ್ಯನವರೇ, ಒಳ್ಳೆ ಸಭಾಪಾಲಕ ಆಗೋಕೆ ಏನು ಬೇಕು?" ಅಂತ ಕೇಳುತ್ತಾರೆ. ಫೋನಿನಲ್ಲಿ ಅವರಿಗೆ ಹೇಳಲಾಗದೆ ಉಳಿದದ್ದನ್ನು ಬರೆಯುತ್ತಿದ್ದೇನೆ.

ಮಂಗಳೂರಿನ ಬಲ್ಮಠದಲ್ಲಿ ದೇವಶಾಸ್ತ್ರ ಓದಿ ಬಂದಾಗ ನನಗೆ ಗ್ರೀಕಿನ ಕ್ರಿಯಾಪದ ಗೊತ್ತಿತ್ತು, ಪ್ರಸಂಗವನ್ನು, ಅಂದರೆ ಆರಾಧನೆಯಲ್ಲಿ ಕೊಡುವ ಉಪದೇಶವನ್ನು, ಮೂರು ಭಾಗ ಮಾಡಿ ಹೇಳುವುದು ಗೊತ್ತಿತ್ತು. ಬೈಬಲಿನಲ್ಲಿ ಪೌಲ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೇ ಅಧ್ಯಾಯವಂತೂ ಬಾಯಿಪಾಠ. ಸಭಾಧ್ಯಕ್ಷ ಅನ್ನಿಸಿಕೊಂಡವನ ಮೇಲೆ ದೋಷಾರೋಪಣೆ ಇರಬಾರದು, ಕುಡಿಯಬಾರದು, ಜಗಳಗಂಟನಾಗಿರಬಾರದು, ದುಡ್ಡಿನಾಸೆ ಇರಬಾರದು, ಮನೆಗೆ ಬಂದವರನ್ನು ಸತ್ಕರಿಸಬೇಕು, ತನ್ನ ಮನೆಯನ್ನು ಸರಿಯಾಗಿ ನಡೆಸಬೇಕು, ಹೊರಗಿನವರ ಹತ್ತಿರವೂ ಒಳ್ಳೆ ಹೆಸರು ಪಡೆದಿರಬೇಕು. ನಿಧಾನವಾಗಿ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಅಷ್ಟುದ್ದದ ಪಟ್ಟಿಯಲ್ಲಿ ಕಸುಬು ಅನ್ನಬಹುದಾದ್ದು ಒಂದೇ, ಬೋಧಿಸುವುದು. ಮಿಕ್ಕದ್ದೆಲ್ಲ ಆಸಾಮಿ ಎಂಥವನು ಅನ್ನುವ ವಿಚಾರ. ನಾನು ಆ ಒಂದನ್ನೇ ಹಿಡಿದುಕೊಂಡು ಊರಿಗೆ ಬಂದಿಳಿದೆ.

ಚಾಡಿ ಹೇಳಬಾರದು ಅನ್ನುವ ಮಾತು ಅದೇ ಅಧ್ಯಾಯದ 11ನೇ ವಚನದಲ್ಲಿ ಬರುತ್ತದೆ, ಅದೂ ಹೆಂಗಸರಿಗೆ. ನನ್ನನ್ನು ಕೇಳಿದರೆ ಆ ಮಾತನ್ನು ಮೊದಲು ಹೇಳಬೇಕಾದ್ದು ಪೀಠ ಹತ್ತುವ ಗಂಡಸರಿಗೆ.

ಬಂದು ಎರಡನೇ ವರ್ಷ. ನಮ್ಮ ಸಭೆಯ ಒಬ್ಬರು, ಒಂದೂವರೆ ಎಕರೆ ಕಬ್ಬು ಹಾಕಿಕೊಂಡಿದ್ದವರು, ಒಂದು ರಾತ್ರಿ ಒಂಬತ್ತೂವರೆಗೆ ಟಿವಿಎಸ್ ಗಾಡಿಯಲ್ಲಿ ಮನೆಗೆ ಬಂದರು. ಒಳಗೆ ಬರಲಿಲ್ಲ, ಜಗಲಿಯಲ್ಲೇ ಕೂತರು. ಇಸ್ಪೀಟಿನಲ್ಲಿ ಸೋತಿದ್ದರು. ಸಾಲ ತೀರಿಸಲು ಹೆಂಡತಿಯ ಎರಡೆಳೆ ಸರವನ್ನು ಗಿರವಿ ಇಟ್ಟಿದ್ದರು. ಆಕೆಗೆ ತಿಳಿಯಬಾರದೆಂದು ಅದೇ ನಮೂನೆಯ ರೋಲ್ಡ್ ಗೋಲ್ಡ್ ಸರ ತಂದು ಬೀರುವಿನಲ್ಲಿಟ್ಟಿದ್ದರು. ಆಕೆ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದರು. ಇದನ್ನು ಹೇಳುವಷ್ಟರಲ್ಲಿ ಆ ಮನುಷ್ಯ ಬೆವೆತು ಹೋಗಿದ್ದರು. ನಾನು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕಳಿಸಿದೆ. ಒಳ್ಳೆ ಕೆಲಸ ಮಾಡಿದೆ ಅಂದುಕೊಂಡು ನಿದ್ದೆಯೂ ಮಾಡಿದೆ.

ಮೂರು ವಾರದ ಮೇಲೆ ಲೂಕನ 15ನೇ ಅಧ್ಯಾಯ, ತಪ್ಪಿಹೋದ ಮಗನ ಸಾಮ್ಯ. ಪ್ರಸಂಗ ಯಾಕೋ ಸಪ್ಪೆಯಾಗುತ್ತಿದೆ ಅನ್ನಿಸಿತು. ಹಿಂದಿನ ಬೆಂಚಿನ ಹುಡುಗರು ಫೋನ್ ನೋಡುತ್ತಿದ್ದರು. "ನನಗೆ ಗೊತ್ತಿರೋ ಒಬ್ಬ ಸಹೋದರರು, ಹೆಸರು ಬೇಡ," ಅಂತ ಶುರು ಮಾಡಿ ಸರದ ಕಥೆ ಹೇಳಿಬಿಟ್ಟೆ. ಹುಡುಗರು ತಲೆ ಎತ್ತಿದರು. ಸಭೆಗೆ ಸಭೆಯೇ ನೆಟ್ಟಗೆ ಕೂತಿತು. ಆಹಾ, ಹಿಡಿತ ಸಿಕ್ಕಿತು ಅಂದುಕೊಂಡೆ.

ಹೆಂಗಸರ ಕಡೆ ಮೂರನೇ ಬೆಂಚಿನಲ್ಲಿ ಆ ತಾಯಿಯ ಕೈ ಕೊರಳಿಗೆ ಹೋಯಿತು. ಸರವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜುತ್ತಾ ಕೂತರು. ಗಂಡಸರ ಕಡೆ ತಿರುಗಿ ನೋಡಲಿಲ್ಲ. ಕಡೇ ಕೀರ್ತನೆಗೆ ಎಲ್ಲರೂ ಎದ್ದು ನಿಂತಾಗ ಸೆರಗಿನಿಂದ ಕೊರಳು ಮುಚ್ಚಿಕೊಂಡು ಹೊರಗೆ ನಡೆದರು. ಸಭೆಯಲ್ಲಿ 63 ಮನೆ, ಇಸ್ಪೀಟು ಆಡುವವರು ಯಾರು ಯಾರೆಂದು ಊರಿಗೆಲ್ಲ ಗೊತ್ತು. ಇನ್ನು ಹೆಸರು ಹೇಳಿದರೇನು, ಬಿಟ್ಟರೇನು. ಆ ವಾರ ಇನ್ನೂ ನಾಲ್ಕೈದು ಮನೆಯ ಹೆಂಗಸರು ತಮ್ಮ ಸರಗಳನ್ನು ಆಚಾರಿಯ ಹತ್ತಿರ ಒಯ್ದು ಉಜ್ಜಿಸಿ ನೋಡಿದರಂತೆ. ಇದನ್ನು ಹೇಳುವಾಗ ಈಗಲೂ ಜನ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಏಳು ತಿಂಗಳು ಆ ಮನೆಯಿಂದ ಯಾರೂ ಆರಾಧನೆಗೆ ಬರಲಿಲ್ಲ. ನಾನು ಮೊದಲ ಸಲ ಹೋದಾಗ ಆ ಮನೆಯ ಯಜಮಾನರು ಗೇಟು ತೆಗೆಯದೆ, "ಏನ್ ಅಯ್ಯನೋರೆ, ಇನ್ನೊಂದ್ ಪ್ರಸಂಗಕ್ಕೆ ಸಾಮಾನು ಬೇಕಾಗಿತ್ತಾ?" ಅಂದರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನಿವೃತ್ತರಾಗಿದ್ದ ಹಿರಿಯ ಅಯ್ಯನವರೊಬ್ಬರ ಹತ್ತಿರ ಹೋಗಿ ಅತ್ತೆ. ಮುಂದಿನ ಭಾನುವಾರ ಪೀಠದಿಂದಲೇ ಕ್ಷಮೆ ಕೇಳುತ್ತೇನೆ ಅಂದೆ. "ಮೈಕಿನಲ್ಲಿ ಕ್ಷಮೆ ಕೇಳಬೇಡ ಮಾರಾಯ, ಇನ್ನೂ ಗೊತ್ತಿಲ್ಲದ ನಾಲ್ಕು ಜನಕ್ಕೂ ಗೊತ್ತಾಗುತ್ತೆ," ಅಂದರು ಅವರು. "ಹೋಗಿ ಕೂತ್ಕೊ. ಬಾಯಿ ಬಿಡಬೇಡ."

ಆ ಸುಗ್ಗಿಯಲ್ಲಿ ಸರ ಗಿರವಿ ಇಟ್ಟವರು ಒಂದು ಆಲೆಮನೆಯಲ್ಲಿ ಒಲೆ ಉರಿಸುವ ಕೆಲಸಕ್ಕೆ ಹೋಗುತ್ತಿದ್ದರು. ಗುರುವಾರ ಗುರುವಾರ ಹೋಗಿ, ಒಣಗಲು ಹರವಿದ್ದ ಕಬ್ಬಿನ ಸಿಪ್ಪೆಯ ಪಕ್ಕ ಒಂದು ಕಲ್ಲಿನ ಮೇಲೆ ಕೂರುತ್ತಿದ್ದೆ. ಕೊಪ್ಪರಿಗೆಯ ಹೊಗೆಗೆ ಕಣ್ಣುರಿ. ಮೊದಲೆರಡು ಸಲ ಅವರು ನನ್ನ ಕಡೆ ನೋಡಲೇ ಇಲ್ಲ. ಮೂರನೇ ವಾರ ಕಬ್ಬಿನ ಹಾಲು ತುಂಬಿದ ಲೋಟ ತಂದು ಪಕ್ಕದಲ್ಲಿಟ್ಟು ಹೋದರು. ಐದನೇ ವಾರ ಮಾತಾಡಿದರು, ಅದೂ ಬೆಲ್ಲದ ರೇಟಿನ ಬಗ್ಗೆ.

ಆ ತಾಯಿಯ ಕ್ಷಮೆ ಬೇರೆಯಾಗಿ ಕೇಳಬೇಕಿತ್ತು. ನನ್ನ ಹೆಂಡತಿಯ ಜೊತೆ ಹೋದೆ. ಆಕೆ ಸಿಟ್ಟಿನ ಮಾತು ಆಡಲಿಲ್ಲ. "ನನ್ ಗಂಡ ಮಾಡಿದ್ದು ಇರ್ಲಿ ಅಯ್ಯನೋರೆ. ನಿಮ್ಗೆ ಮೂರು ವಾರದಿಂದ ಗೊತ್ತಿತ್ತು. ಆ ತಿಂಗಳು ಕರ್ತನ ಭೋಜನಕ್ಕೆ ಅದ್ನೇ ಹಾಕ್ಕೊಂಡು ಬಂದು ನಿಮ್ ಮುಂದೆ ಕೈಯೊಡ್ಡಿ ರೊಟ್ಟಿ ತಗೊಂಡೆ. ನೀವು ನನ್ ಕೊರಳು ನೋಡ್ಲಿಲ್ವಾ?"

ನೋಡಿದ್ದೆ. ಆ ಪ್ರಶ್ನೆ ಪ್ರಸಂಗದ ತಪ್ಪಿಗಿಂತ ಹಿಂದಕ್ಕೆ ಹೋಗುತ್ತದೆ. ಪೀಠದಲ್ಲಿ ಬಾಯಿ ಬಿಟ್ಟದ್ದು ತಪ್ಪೇ, ಆದರೆ ಅದಕ್ಕೂ ಮೊದಲು ಮೂರು ವಾರ ಏನೂ ಮಾಡದೆ ಕೂತಿದ್ದೆನಲ್ಲ! ಅವತ್ತು ಜಗಲಿಯಲ್ಲೇ, "ಇದನ್ನು ನೀವೇ ಅವರಿಗೆ ಹೇಳಬೇಕು, ಯಾವತ್ತು ಹೇಳುತ್ತೀರಿ, ಬೇಕಾದರೆ ನಾನು ಪಕ್ಕದಲ್ಲಿ ಬಂದು ಕೂರುತ್ತೇನೆ," ಅಂತ ದಿನ ಗೊತ್ತು ಮಾಡಿ ಕಳಿಸಬೇಕಿತ್ತು. ಆಮೇಲಿಂದ ಹಾಗೇ ಮಾಡುತ್ತಿದ್ದೇನೆ. ಗುಟ್ಟು ಹೇಳಲು ಬಂದವರಿಗೆ ಇನ್ನೊಂದು ಮಾತನ್ನೂ ಮೊದಲೇ ಹೇಳುತ್ತೇನೆ: ಮಕ್ಕಳ ಮೇಲೆ ಆದ ದೌರ್ಜನ್ಯವನ್ನು ಮತ್ತು ಯಾರದಾದರೂ ಪ್ರಾಣಕ್ಕೆ ಅಪಾಯವಿರುವ ವಿಷಯವನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಮೊದಲನೆಯದಕ್ಕೆ 2012ರ ಪೋಕ್ಸೋ ಕಾಯ್ದೆಯೇ ಇದೆ, ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸಭಾಪಾಲಕನಿಗೆ ಅದರಲ್ಲಿ ರಿಯಾಯಿತಿ ಇಲ್ಲ, ಇರಲೂಬಾರದು.

ಇಷ್ಟಾದ ಮೇಲೆ ಒಂದು ಕಪ್ಪು ರಟ್ಟಿನ ನೋಟ್‌ಬುಕ್ ಇಟ್ಟೆ. ಮನೆಗೊಂದು ಹಾಳೆ. ಯಾರ ಸಕ್ಕರೆ ಕಾಯಿಲೆ, ಯಾವ ಮಗನ ಡಿಪ್ಲೊಮಾ ಬಾಕಿ, ಯಾವ ತಾರೀಖು ಯಾರು ತೀರಿಹೋದದ್ದು. ದಿನಕ್ಕೆ ಎರಡು ಮನೆ, ಹೆಚ್ಚಲ್ಲ. ಮೊದಲೆಲ್ಲ ಸಂಜೆ ಆರು ಮನೆ ಸುತ್ತಿ, ಆರು ಕಡೆ 23ನೇ ಕೀರ್ತನೆ ಓದಿ, ಆರು ಲೋಟ ಕಾಫಿ ಕುಡಿದು ಬರುತ್ತಿದ್ದೆ. ಅದು ಪೋಸ್ಟ್‌ಮನ್ ಕೆಲಸ. ಜನ ಬಾಯಿ ಬಿಡುವುದು ಕಾಫಿ ಲೋಟ ಖಾಲಿಯಾದ ಮೇಲೆ, ನಾವು ಚಪ್ಪಲಿ ಹಾಕಿಕೊಳ್ಳುವಾಗ. ಆಗ ಮತ್ತೆ ಚಪ್ಪಲಿ ಬಿಟ್ಟು ಕೂರುವಷ್ಟು ಹೊತ್ತು ಕೈಯಲ್ಲಿರಬೇಕು.

ಕುರುಬನ ವಿಷಯವನ್ನೂ ಅಲ್ಲೇ ಕಲಿತೆ. ಯೋಹಾನನ 10ನೇ ಅಧ್ಯಾಯದಲ್ಲಿ ಒಳ್ಳೇ ಕುರುಬ ಮುಂದೆ ಹೋಗುತ್ತಾನೆ, ಕುರಿಗಳು ಹಿಂದೆ ಬರುತ್ತವೆ. ಇದನ್ನು ನಾನು ಎಷ್ಟೋ ಸಲ ಬೋಧಿಸಿದ್ದೆ. ಮಳವಳ್ಳಿ ಕಡೆ ಬಂಡೂರು ಕುರಿ ಮೇಯಿಸುವ ಅಜ್ಜ ಒಬ್ಬರು ನಾಲೆ ಏರಿಯ ಮೇಲೆ ಸಿಕ್ಕಾಗ, ನೀವು ಮುಂದೆ ಯಾಕೆ ಹೋಗುವುದಿಲ್ಲ ಅಂತ ಕೇಳಿದೆ. "ಮುಂದೆ ಓದ್ರೆ ಕುಂಟೋದು ಕಾಣಾಕಿಲ್ಲ ಕಣ್ ಸ್ವಾಮಿ," ಅಂದರು. ಬಂಡೂರು ಕುರಿ ಗಿಡ್ಡ, ಮೈ ದುಂಡು, ಅವಸರ ಮಾಡುವ ಜಾತಿಯಲ್ಲ. ವಚನವನ್ನೇನೂ ನಾನು ತಿದ್ದಲಿಲ್ಲ. ಆದರೆ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಮೊದಲು ಹೋಗಿ ನಿಂತು ಕೈ ಕುಲುಕುವುದನ್ನು ಬಿಟ್ಟೆ. ಈಗ ಕಡೆಯಲ್ಲಿ ಹೊರಗೆ ಬರುತ್ತೇನೆ. ಬೆಂಚಿನಲ್ಲೇ ಕೂತು ಉಳಿದವರು ಯಾರೆಂದು ಆಗ ಕಾಣುತ್ತದೆ.

ದುಡ್ಡಿನ ವಿಷಯ ಚಿಕ್ಕದು. ಕಾಣಿಕೆ ಚೀಲವನ್ನು ನಾನು ಮುಟ್ಟುವುದಿಲ್ಲ. ಇಬ್ಬರು ಎಣಿಸಿ ಚೀಟಿಗೆ ಸಹಿ ಹಾಕುತ್ತಾರೆ, ಸೋಮವಾರ ಖಜಾಂಚಿ ಬ್ಯಾಂಕಿಗೆ ಕಟ್ಟುತ್ತಾರೆ. ದಾರಿಯಲ್ಲಿ ಸಿಕ್ಕವರು ಕೈಗೆ ತುರುಕುವ ನೂರು ರೂಪಾಯಿಗೂ ನನ್ನ ಚೀಲದಲ್ಲಿ ರಸೀದಿ ಪುಸ್ತಕ ಇಟ್ಟುಕೊಂಡೆ. ಒಬ್ಬ ಅಜ್ಜಿಗೆ ಇದರಿಂದ ತುಂಬ ಬೇಜಾರಾಯಿತು, "ನಿಮ್ಗೇ ಅಂತ ಕೊಟ್ರೆ ಲೆಕ್ಕ ಬರೀತೀರಲ್ಲ," ಅಂದರು. ಮುಂದಿನ ವಾರ ಒಂದು ಡಜನ್ ನಾಟಿ ಮೊಟ್ಟೆ ತಂದರು. ಮೊಟ್ಟೆಗೆ ರಸೀದಿ ಕೊಡಲಿಲ್ಲ. ನಮ್ಮ ಸುಗ್ಗಿ ಹಬ್ಬದ ಹರಾಜು ನೋಡಿದವರಿಗೆ ಗೊತ್ತು, ಅಲ್ಲಿ ಒಂದು ಜಲ್ಲೆ ಕಬ್ಬು, ಒಂದು ಕುಂಬಳಕಾಯಿ ಯಾವ ರೇಟಿಗೆ ಹೋಗುತ್ತದೆಂದು. ಜನಕ್ಕೆ ಕೊಡುವ ಮನಸ್ಸಿದೆ. ಅದಕ್ಕೇ ಲೆಕ್ಕ ಬಿಗಿಯಾಗಿರಬೇಕು.

ಮದುವೆಯಲ್ಲಿ ಮಾತ್ರ ನಾನು ಎಲ್ಲರ ಕೆಂಗಣ್ಣಿಗೆ ಗುರಿಯಾದೆ. ಕ್ರೈಸ್ತರ ಮದುವೆಗೆ ಇನ್ನೂ 1872ರ ಕಾಯ್ದೆಯೇ ಆಧಾರ. ಸಾಮಾನ್ಯವಾಗಿ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಮದುವೆ ಆಗಬೇಕು, ಅದಕ್ಕೆ ಮೊದಲು ಮೂರು ಭಾನುವಾರ ಸಭೆಯಲ್ಲಿ ಪ್ರಕಟಣೆ ಓದುತ್ತೇವೆ. (ಹುಣಸೂರಿನಿಂದ ಹೆಣ್ಣಿನ ಕಡೆಯವರ ಬಸ್ಸು ಕೆಟ್ಟು ಸಂಜೆ ಆರೂಕಾಲಿಗೆ ಬಂದಿಳಿದ ದಿನ ನಾನು ಪ್ರಸಂಗವನ್ನೇ ಬಿಟ್ಟು ಮದುವೆ ಮಾಡಿಸಿದೆ. ಅಷ್ಟು ಮೆಚ್ಚುಗೆ ಬೇರೆ ಯಾವ ಆರಾಧನೆಗೂ ಸಿಕ್ಕಿಲ್ಲ.) ಒಂದು ಸಲ ಸಭಾ ಕಮಿಟಿಯ ಹಿರಿಯರೊಬ್ಬರ ಮನೆಯದೇ ಮದುವೆ. ಛತ್ರ ಬುಕ್ಕಾಗಿತ್ತು, ಕಾರ್ಡು ಹಂಚಿದ್ದರು. ಹುಡುಗಿಯ ವಯಸ್ಸಿಗೆ ದೀಕ್ಷಾಸ್ನಾನದ ಪತ್ರ ತಂದು ಕೊಟ್ಟರು. ಅದರಲ್ಲಿರುವುದು ಸ್ನಾನದ ತಾರೀಖು. ಹುಟ್ಟಿದ ತಾರೀಖಿನ ಜಾಗದಲ್ಲಿ ಯಾರೋ ಆಮೇಲೆ ಬರೆದಂತಿತ್ತು, ಶಾಯಿಯೇ ಬೇರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತನ್ನಿ ಅಂದೆ. ಎರಡು ದಿನ ತರಲಿಲ್ಲ. ತಂದಾಗ 18 ತುಂಬಲು ಇನ್ನೂ ಐದು ತಿಂಗಳಿತ್ತು.

"ಐದೇ ತಿಂಗಳು, ಯಾರ್ ಕೇಳ್ತಾರೆ?" ಅಂದರು. ಬಾಲ್ಯವಿವಾಹ ಮಾಡಿಸಿದವರಿಗೂ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಂತ 2006ರ ಕಾಯ್ದೆ ಹೇಳುತ್ತದೆ. ಅದನ್ನು ಹೇಳಿ ಪಾರಾಗಬಹುದಿತ್ತು, ಹೇಳಲಿಲ್ಲ. ಹುಡುಗಿಯನ್ನು ಕರೆದು ನನ್ನ ಹೆಂಡತಿಯ ಹತ್ತಿರ ಅಡುಗೆಮನೆಯಲ್ಲಿ ಕೂರಿಸಿದೆ. ಅರ್ಧ ಗಂಟೆ ಬಿಟ್ಟು ನನ್ನಾಕೆ ಹೊರಗೆ ಬಂದು, "ಅವಳಿಗೆ ಪಿಯುಸಿ ಪರೀಕ್ಷೆ ಬರೀಬೇಕಂತೆ," ಅಂದಳು. ಮುಂದಿನ ಭಾನುವಾರ ನಾನು ಪ್ರಕಟಣೆ ಓದಲಿಲ್ಲ. ಛತ್ರದ ಅಡ್ವಾನ್ಸು ಹೋಯಿತು. ಆ ಹಿರಿಯರು ಕಮಿಟಿಯಲ್ಲಿ ಒಂದು ವರ್ಷ ನನ್ನ ಪ್ರತಿ ಮಾತಿಗೂ ಅಡ್ಡ ಹಾಕಿದರು. ಹುಡುಗಿ ಮುಂದೆ ನರ್ಸಿಂಗ್ ಓದಿದಳು ಅಂತ ಬರೆಯಲು ಆಸೆ. ಆದರೆ ಓದಲಿಲ್ಲ. ಪರೀಕ್ಷೆ ಬರೆದಳು, ಪಾಸಾದಳು, ಮರುವರ್ಷ ಅದೇ ಹುಡುಗನನ್ನು ಮದುವೆಯಾದಳು. ನಾನೇ ಮಾಡಿಸಿದೆ.

ಸಾವಿನ ಮನೆಯಲ್ಲಿ ಏನು ಹೇಳಬೇಕು ಅಂತ ಹೊಸಬರು ಕೇಳುತ್ತಾರೆ. ಏನೂ ಬೇಡ. ಮೊದಲು ಹೋಗಬೇಕು, ಅಷ್ಟೇ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನ ಶವಾಗಾರದ ಮುಂದೆ, ಮೈಸೂರಿನ ಕೆ.ಆರ್. ಆಸ್ಪತ್ರೆಯ ಕಾರಿಡಾರಿನಲ್ಲಿ, 1906ರಿಂದ ನಮ್ಮ ಜನ ಹೆರಿಗೆಗೆ ಹೋಗುವ ಮಿಷನ್ ಆಸ್ಪತ್ರೆಯಲ್ಲಿ ನಾನು ಮಾಡಿದ ಕೆಲಸ ಬಹುಪಾಲು ಬ್ಯಾಗು ಹಿಡಿದುಕೊಂಡು ನಿಂತದ್ದು, ಫಾರಂ ತುಂಬಿಸಿದ್ದು, ಇಡ್ಲಿ ಕಟ್ಟಿಸಿಕೊಂಡು ಬಂದದ್ದು.

ಮನೆ ನಡೆಸುವ ವಿಷಯದಲ್ಲಿ ನನಗೆ ಪಾಸ್ ಮಾರ್ಕು ಕೊಡುವುದು ಕಷ್ಟ. ಮಗಳು ಹತ್ತನೇ ಕ್ಲಾಸಿನೊಳಗೆ ನಾಲ್ಕು ಶಾಲೆ ಬದಲಿಸಿದಳು. ಸಂಬಳ ನನಗೆ ಮಾತ್ರ, ಕೆಲಸ ಅಮ್ಮನವರಿಗೂ, ಅಂದರೆ ಅಯ್ಯನವರ ಹೆಂಡತಿಗೂ. "ನಿಮ್ಮ ನೋಟ್‌ಬುಕ್ಕಲ್ಲಿ ನಮ್ಮನೆಗೂ ಒಂದು ಹಾಳೆ ಇದೆಯಾ?" ಅಂತ ಹೆಂಡತಿ ಒಮ್ಮೆ ಕೇಳಿದಳು. ಇರಲಿಲ್ಲ. ಆಮೇಲೆ ಸೋಮವಾರ ಅಂದರೆ ಮನೆಯವರ ದಿನ ಅಂತಾಯಿತು, ಸಾವೊಂದು ಆಗದಿದ್ದರೆ.

ಆರನೇ ವರ್ಷ ವರ್ಗಾವಣೆಯ ಪತ್ರ ಬಂತು. ಹೊಸ ಅಯ್ಯನವರಿಗೆ ದೀಕ್ಷಾಸ್ನಾನ, ಮದುವೆ, ಸಮಾಧಿ, ಮೂರೂ ರಿಜಿಸ್ಟರ್ ಒಪ್ಪಿಸಿದೆ. 1947ರ ಸೆಪ್ಟೆಂಬರ್‌ನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ ಆಗುವುದಕ್ಕೆ ಮೊದಲಿನ ಹಳೇ ಹಾಳೆಗಳೂ ಅದರಲ್ಲಿದ್ದವು, ವೆಸ್ಲಿಯನ್ ಮಿಷನ್ನಿನ ಕಾಲದವು, ಮುಟ್ಟಿದರೆ ಪುಡಿಯಾಗುವಂಥವು. ಬೆಳ್ಳಿಯ ಪಾತ್ರೆ, ಬೀರುವಿನ ಕೀಲಿ, ಬ್ಯಾಂಕಿನ ಪಾಸ್‌ಬುಕ್ ಎಣಿಸಿ ಸಹಿ ಪಡೆದೆ. "ಮನೆಗಳ ಬಗ್ಗೆ ನೋಟ್ಸ್ ಏನಾದರೂ ಇಟ್ಟಿದ್ದೀರಂತೆ," ಅಂದರು ಹೊಸಬರು. ಯಾರ್ಯಾರಿಗೆ ಕಾಯಿಲೆ, ಯಾವ ಅಜ್ಜಿಗೆ ಕರ್ತನ ಭೋಜನದ ರೊಟ್ಟಿ ಮನೆಗೇ ಒಯ್ದು ಕೊಡಬೇಕು ಅನ್ನುವುದನ್ನು ಒಂದು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟೆ.

ಹೊರಡುವ ಬೆಳಿಗ್ಗೆ ಹಂಡೆ ಒಲೆಯ ಮುಂದೆ ಕೂತು ಕಪ್ಪು ನೋಟ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ಹರಿದು ಹಾಕಿದೆ. ರಟ್ಟು ಬೇಗ ಹತ್ತಿಕೊಳ್ಳಲಿಲ್ಲ, ಊದುಗೊಳವೆ ಹಿಡಿಯಬೇಕಾಯಿತು. ಅಷ್ಟರಲ್ಲಿ ಆ ಸರದ ಮನೆಯವರು ಇಬ್ಬರೂ ಗೇಟಿನ ಹತ್ತಿರ ಬಂದು ನಿಂತಿದ್ದರು. ಆಕೆಯ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ನಾಲ್ಕು ಅಚ್ಚು ಬೆಲ್ಲ. ಕೊರಳಲ್ಲಿ ಕಪ್ಪು ದಾರ. ಅವರು ಒಲೆಯ ಕಡೆ ನೋಡಿದರು, ಏನು ಸುಡುತ್ತಿದ್ದೀರಿ ಅಂತ ಕೇಳಲಿಲ್ಲ. ಬೆಲ್ಲ ಈಸಿಕೊಂಡೆ. ಒಳಗಿನಿಂದ ಮಗಳು, ನೀರು ಕಾದಿದೆಯಾ ಅಂತ ಕೂಗಿದಳು.