ಗಂಧೆಯ ಸುತ್ತ ಪೆನ್ನಿನ ಗೆರೆ

ಮೂಡಿಗೆರೆಯ ಸಮೀಪದ ನಮ್ಮ ತೋಟದಲ್ಲಿ ರೊಬಸ್ಟಾ ಕೊಯ್ಲು ನಡೆಯುತ್ತಿದ್ದ ಫೆಬ್ರವರಿ ತಿಂಗಳಲ್ಲಿ ನನ್ನ ಮೈಮೇಲೆ ಮೊದಲ ಬಾರಿಗೆ ಪಿತ್ತದ ಗಂಧೆಗಳು ಎದ್ದವು. "ಬದನೆಕಾಯಿ ನಂಜು, ಬಿಟ್ಟು ನೋಡು" ಎಂದರು ಅತ್ತೆ. ಬದನೆಯಾದ ಮೇಲೆ ಕುಂಬಳ, ಒಣಮೀನು, ಮೊಟ್ಟೆ, ಹಾಲು ಎಂದು ಒಂದೊಂದನ್ನೇ ಬಿಡುತ್ತಾ ಎರಡು ತಿಂಗಳಲ್ಲಿ ಬರಿಯ ಅನ್ನ ಸಾರಿಗೆ ಇಳಿದಿದ್ದೆ. ಪುನರ್ಪುಳಿಯ ನೀರು ಹಚ್ಚಿಕೊಂಡರೆ ಮೈ ತಂಪಾಗುತ್ತಿತ್ತೇ ಹೊರತು ಗಂಧೆ ಏಳುವುದು ನಿಲ್ಲಲಿಲ್ಲ.

ಕೊನೆಗೆ ಹಾಸನದಲ್ಲಿ ಕಂಡ ಚರ್ಮರೋಗ ತಜ್ಞರು ಏನು ತಿಂದಿರಿ ಎಂದು ಕೇಳುವ ಮೊದಲು, ಒಂದು ಗಂಧೆ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ರಾತ್ರಿ ಎಂಟಕ್ಕೆ ಮುಂಗೈಯ ಒಂದು ಗಂಧೆಯ ಸುತ್ತ ನೀಲಿ ಪೆನ್ನಿನಿಂದ ಗೆರೆ ಎಳೆದು ಮಲಗಿದೆ. ಬೆಳಗಿನ ಐದಕ್ಕೆ ಹಾಲು ಕರೆಯಲು ಎದ್ದಾಗ ಗೆರೆ ಹಾಗೆಯೇ ಇತ್ತು. ಒಳಗಿನ ಚರ್ಮ ಮಾತ್ರ ಏನೂ ಆಗಿಲ್ಲವೆಂಬಂತೆ ನಯವಾಗಿತ್ತು, ಮೊಣಕೈಯ ಬಳಿ ಹೊಸದೊಂದು ಎದ್ದಿತ್ತು. ಚರ್ಮದಲ್ಲಿರುವ ಮಾಸ್ಟ್ ಎಂಬ ಕೋಶಗಳು ತುರಿಕೆ, ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುವುದರಿಂದ ಏಳುವ ಗಂಧೆ ಹೀಗೆ 24 ಗಂಟೆಯೊಳಗೆ ಮಾಯವಾಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಉಳಿದು, ನೋವು ಕೊಟ್ಟು, ಕಪ್ಪು ಕಲೆ ಬಿಟ್ಟುಹೋದರೆ ಅದು ಬೇರೆ ಕಾಯಿಲೆಯಿರಬಹುದು, ಚರ್ಮದ ಚೂರು ತೆಗೆದು ಪರೀಕ್ಷಿಸಬೇಕಾಗಬಹುದು.

ಆರು ವಾರ ಮೀರಿದ ಇಂಥ ಗಂಧೆಗೆ ಬಹಳಷ್ಟು ಜನರಲ್ಲಿ ಹೊರಗಿನ ಕಾರಣವೇ ಸಿಗುವುದಿಲ್ಲ; ಅನೇಕರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಆ ಕೋಶಗಳನ್ನು ಕೆರಳಿಸುತ್ತಿರುತ್ತದೆ. ಹತ್ತಾರು ಆಹಾರಗಳ ಅಲರ್ಜಿ ಪರೀಕ್ಷೆ ಮಾಡಿಸಬೇಕೆಂದಿದ್ದ ನನ್ನನ್ನು ವೈದ್ಯರು ತಡೆದರು, ಏಕೆಂದರೆ ಅದರಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ಆ ಆಹಾರವೇ ಕಾರಣವೆಂದು ಆಗುವುದಿಲ್ಲ. ರಕ್ತದ ಸಾಮಾನ್ಯ ಪರೀಕ್ಷೆ ಮತ್ತು ಥೈರಾಯ್ಡ್ ಪರೀಕ್ಷೆಯಷ್ಟನ್ನೇ ಮಾಡಿಸಿದೆವು.

ಕೂಲಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಊಟ, ಕೆಲಸ, ಔಷಧಿ ಮತ್ತು ಗಂಧೆ ಎದ್ದ ಹೊತ್ತನ್ನು ದಿನವೂ ಬರೆದೆ. ಬಿಟ್ಟ ಆಹಾರಗಳನ್ನು ಒಂದೊಂದಾಗಿ ಮತ್ತೆ ತಿಂದರೂ ಯಾವುದಕ್ಕೂ ಗಂಧೆಗೂ ತಾಳೆಯಾಗಲಿಲ್ಲ. ತಾಳೆಯಾದದ್ದು ಕೊಯ್ಲಿನ ಸೊಂಟನೋವಿಗೆ ನುಂಗುತ್ತಿದ್ದ ಐಬುಪ್ರೊಫೇನ್, ಹಂಡೆಯ ಬಿಸಿನೀರಿನ ಸ್ನಾನ ಮತ್ತು ಲಂಗದ ಲಾಡಿ ಬಿಗಿಯುವ ಜಾಗ. ಇವು ಮೂಲ ಕಾರಣಗಳಲ್ಲ, ಇರುವುದನ್ನು ಕೆರಳಿಸುವಂಥವು ಎಂಬ ವ್ಯತ್ಯಾಸ ತಿಳಿದ ದಿನ ನನಗೆ ನಿಜಕ್ಕೂ ದೊಡ್ಡ ಸಮಾಧಾನವಾಯಿತು. ನೋವಿಗೆ ಈಗ ಪ್ಯಾರಾಸಿಟಮಾಲ್ ಮಾತ್ರ.

ಮಾತ್ರೆಯ ವಿಷಯದಲ್ಲಿಯೂ ನಾನು ತಪ್ಪಿದ್ದೆ. ತುರಿಸಿದಾಗ ಮಾತ್ರ ನುಂಗುತ್ತಿದ್ದ ಹಿಸ್ಟಮಿನ್ ವಿರೋಧಿ ಮಾತ್ರೆಯನ್ನು ತುರಿಕೆ ಇರಲಿ ಬಿಡಲಿ ದಿನವೂ ತೆಗೆದುಕೊಳ್ಳಬೇಕಿತ್ತು. ಹೆಚ್ಚು ಮಂಪರು ತರದ ಫೆಕ್ಸೊಫೆನಡಿನ್ ಕೊಟ್ಟು, ಸಾಲದಾದಾಗ ವೈದ್ಯರೇ ಪ್ರಮಾಣ ಹೆಚ್ಚಿಸಿದರು. ಇಂಥ ಮಾತ್ರೆಗಳನ್ನು ಅವರು ನಾಲ್ಕು ಪಟ್ಟಿನವರೆಗೂ ಏರಿಸುವುದುಂಟು, ಆದರೆ ನಾವಾಗಿಯೇ ಏರಿಸಬಾರದು.

ಜುಲೈ ತಿಂಗಳ ಒಂದು ರಾತ್ರಿ ತುಟಿ ಊದಿಕೊಂಡಿತು. ಉಸಿರಿಗೆ ತೊಂದರೆಯಾಗದೆ ಇಳಿಯಿತಾದರೂ ಅಂದಿನಿಂದ ಮನೆಯವರಿಗೆಲ್ಲ ಒಂದು ಮಾತು ಹೇಳಿಟ್ಟಿದ್ದೇನೆ: ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಮಾತ್ರೆ ಕೊಟ್ಟು ಕಾಯಬಾರದು, ಆಗ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಮಳೆಗಾಲದಲ್ಲಿ ನಮ್ಮ ದಾರಿಗೆ ಮರ ಬೀಳುವುದರಿಂದ 108ಕ್ಕೆ ಕರೆ ಮಾಡಿ, ಜೊತೆಗೇ ಪಕ್ಕದ ತೋಟದ ಜೀಪಿನವರಿಗೂ ಹೇಳುವುದೆಂದು ನಿಶ್ಚಯಿಸಿದ್ದೇವೆ. ಅವರ ನಂಬರನ್ನು ಅಡುಗೆಮನೆಯ ಬಾಗಿಲ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.