ಪ್ರಾಕ್ಟರ್ ಹತ್ತಿರ ಹೋಗುವಾಗ ಕೈಯಲ್ಲೊಂದು ಹಾಳೆ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಬಿ.ಇ. ಮೊದಲ ವರ್ಷಕ್ಕೆ ಸೇರಿದ ಕೂಡಲೇ ಸುಮಾರು ಇಪ್ಪತ್ತು ವಿದ್ಯಾರ್ಥಿಗಳಿಗೆ ಒಬ್ಬ ಮೇಷ್ಟ್ರನ್ನು ಪ್ರಾಕ್ಟರ್ ಅಂತ ಹಂಚುತ್ತಾರೆ. ಕೆಲವು ಕಡೆ ಮೆಂಟರ್ ಅನ್ನುವುದೂ ಇವರನ್ನೇ. ಹೆಚ್ಚಿನವರ ಪಾಲಿಗೆ ಇವರು ಡೈರಿಗೆ ಸಹಿ ಹಾಕುವವರು, ಮನೆಗೆ ಫೋನ್ ಮಾಡುವವರು, ಅಷ್ಟೇ. ನಾನು ಬಳಸಿಕೊಂಡದ್ದು ನನ್ನ ಲೆಕ್ಕ ತಾಳೆ ನೋಡಿಸಲು.

"ಹೇಗೆ ನಡೀತಿದೆ?" "ಚೆನ್ನಾಗಿದೆ ಸರ್." ಭೇಟಿ ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಒಂದು ಎ4 ಹಾಳೆ ಒಯ್ಯುತ್ತಿದ್ದೆ: ವಿಷಯ, ನಡೆದ ತರಗತಿ, ನನ್ನ ಹಾಜರಿ, ಇಂಟರ್ನಲ್ಸ್ (ಕಾಲೇಜೇ ನಡೆಸುವ ಟೆಸ್ಟ್) ಅಂಕ, ಕೊನೆಗೆ ಒಂದೇ ಒಂದು ಪ್ರಶ್ನೆ.

ಹಾಜರಿ 85% ಬೇಕು ಎಂಬುದು ಎಲ್ಲರಿಗೂ ಗೊತ್ತು. ಯಾವಾಗ ಕೈಮೀರುತ್ತದೆ ಎಂಬುದು ಗೊತ್ತಿರುವುದಿಲ್ಲ. 40 ತರಗತಿಗಳ ವಿಷಯದಲ್ಲಿ 34 ಬೇಕು, ಅಂದರೆ ತಪ್ಪಿಸಲು ಸಿಗುವುದು ಆರೇ. 20 ಮುಗಿದಾಗ 14 ಇದ್ದರೆ, ಉಳಿದ ಇಪ್ಪತ್ತಕ್ಕೂ ಹೋದರೆ ಸರಿಯಾಗಿ 34. ಆಮೇಲೆ ಜ್ವರ ಬರಲೂ ಜಾಗವಿಲ್ಲ! ಹಾಜರಿ 75%ವರೆಗೆ ಇಳಿದಿದ್ದರೆ ವಿನಾಯಿತಿ ಕೇಳಬಹುದು, ಆದರೆ ಅದು ಪ್ರಾಂಶುಪಾಲರ ಶಿಫಾರಸಿನ ಮೇಲೆ ನಿಂತದ್ದು, ಹಕ್ಕಲ್ಲ. ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟರೆ ಹಾಜರಿ ತಾನಾಗಿ ಏರುವುದಿಲ್ಲ. ವಿನಾಯಿತಿ ಕೇಳುವಾಗ ಆಧಾರವಾಗುತ್ತದೆ, ಅಷ್ಟೇ. ಒಂದು ಕ್ರೆಡಿಟ್‌ನ ಕನ್ನಡ ತರಗತಿಯನ್ನೂ ಈ ಪಟ್ಟಿಗೆ ಸೇರಿಸಿ. ಕನ್ನಡ ಬಲ್ಲವರೇ ಅದನ್ನು ಹೆಚ್ಚು ತಪ್ಪಿಸುವುದು.

ಅಂಕದ ಲೆಕ್ಕದಲ್ಲೂ ಒಂದು ಗುಂಡಿ ಇದೆ. 2022ರ ಸ್ಕೀಮ್‌ನಲ್ಲಿ ಸಿಐಇಯಲ್ಲಿ (ಕಾಲೇಜೇ ಕೊಡುವ ಆಂತರಿಕ ಅಂಕ) 50ಕ್ಕೆ ಕನಿಷ್ಠ 20, ಸೆಮಿಸ್ಟರ್ ಪರೀಕ್ಷೆಯಲ್ಲಿ 50ಕ್ಕೆ ಕನಿಷ್ಠ 18. ಎರಡನ್ನೂ ಕನಿಷ್ಠದಲ್ಲೇ ದಾಟಿದರೆ 38. ಒಟ್ಟು 40 ಬೇಕಾದ್ದರಿಂದ ಫೇಲ್. ಫಿಸಿಕ್ಸ್, ಕೆಮಿಸ್ಟ್ರಿಯಂಥ ಲ್ಯಾಬ್ ಸೇರಿದ ವಿಷಯಗಳಲ್ಲಿ ಸಿಐಇಯ ಥಿಯರಿ ಭಾಗ, ಲ್ಯಾಬ್ ಭಾಗ ಎರಡರಲ್ಲೂ ಬೇರೆಬೇರೆಯಾಗಿ 40% ಆಗಬೇಕು; ಲ್ಯಾಬ್ ಚೆನ್ನಾಗಿದೆ ಎಂದು ಥಿಯರಿ ಬಿಟ್ಟರೆ ಪರೀಕ್ಷೆಗೇ ಕೂರಿಸುವುದಿಲ್ಲ.

ಹಾಗಾಗಿ ಮೊದಲ ಇಂಟರ್ನಲ್ಸ್ ಅಂಕ ಬಂದ ವಾರವೇ ಪ್ರಾಕ್ಟರ್ ಹತ್ತಿರ ಹೋಗುವುದು ಒಳ್ಳೆಯದು. ಎರಡನೇ ಟೆಸ್ಟ್, ಅಸೈನ್‌ಮೆಂಟ್ ಇನ್ನೂ ಬಾಕಿ ಇರುತ್ತವೆ. ಸೆಮಿಸ್ಟರ್ ಕೊನೆಯಲ್ಲಿ ಹೋದರೆ ಅವರಿಗೂ ಮಾಡಲು ಏನೂ ಉಳಿದಿರುವುದಿಲ್ಲ. ಹೋಗಬೇಕಾದ್ದು ಅವರ ತರಗತಿ ಇಲ್ಲದ ಪೀರಿಯಡ್‌ನಲ್ಲಿ. ಕಾರಿಡಾರಿನಲ್ಲಿ ಹಿಡಿದರೆ ಸಿಗುವುದು "ಆಮೇಲೆ ಬಾ" ಮಾತ್ರ. ಇಂಗ್ಲಿಷ್ ತೊಡಕಾದರೆ ಕನ್ನಡದಲ್ಲೇ ಹೇಳಿ, ಏನೂ ಮುಳುಗುವುದಿಲ್ಲ.

ಪ್ರಶ್ನೆ "ಮ್ಯಾಥ್ಸ್ ಕಷ್ಟ ಸರ್" ಅಂತಿರಬಾರದು. "ಇಂಟಿಗ್ರೇಷನ್ ಪಿಯುಸಿಯಿಂದಲೇ ಕಚ್ಚಾ, ಯಾರ ಹತ್ತಿರ ಯಾವಾಗ ಹೋಗಲಿ?" ಅಂದರೆ ಹೆಸರು, ಸಮಯ ಎರಡೂ ಸಿಗುತ್ತವೆ. ಅಂಕವನ್ನಾಗಲಿ ಹಾಜರಿಯನ್ನಾಗಲಿ ಪ್ರಾಕ್ಟರ್ ತಿದ್ದಲಾರರು, ಅದು ವಿಷಯದ ಮೇಷ್ಟ್ರ ಕೈಯಲ್ಲಿದೆ. ಯಾರ ಬಳಿ, ಯಾವ ದಿನದೊಳಗೆ, ಯಾವ ಅರ್ಜಿ ಎಂಬುದಷ್ಟೇ ಅವರಿಂದ ತಿಳಿಯಬೇಕಾದ್ದು. ಎನ್‌ಎಸ್‌ಎಸ್, ಕ್ರೀಡೆಯ ಓಡಿ (ಆನ್ ಡ್ಯೂಟಿ) ಪತ್ರವನ್ನು ಆ ವಾರವೇ ಕೊಟ್ಟುಬಿಡಿ. ತಿಂಗಳ ಕೊನೆಗೆ ಒಟ್ಟು ಹಾಕಿಕೊಂಡು ಹೋದರೆ ಹಾಜರಿ ಎಂಟ್ರಿ ಮುಗಿದಿರುತ್ತದೆ.

ಇನ್ನು ಎಐಸಿಟಿಇ (ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ) ಆಕ್ಟಿವಿಟಿ ಪಾಯಿಂಟ್ಸ್, ಅಂದರೆ ಪಾಠದಾಚೆಯ ಚಟುವಟಿಕೆಗೆ ಸಿಗುವ ಅಂಕ. ನಾಲ್ಕು ವರ್ಷಕ್ಕೆ 100, ಲ್ಯಾಟರಲ್ ಎಂಟ್ರಿಯವರಿಗೆ (ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ) 75. ಸಿಜಿಪಿಎಗೆ (ಒಟ್ಟಾರೆ ಗ್ರೇಡ್ ಸರಾಸರಿಗೆ) ಸೇರುವುದಿಲ್ಲವಲ್ಲ ಎಂದು ಇವನ್ನು ಕಡೆಗಣಿಸಿದವರ ಎಂಟನೇ ಸೆಮಿಸ್ಟರ್ ಗ್ರೇಡ್ ಕಾರ್ಡ್ ನಿಲ್ಲುತ್ತದೆ. ಪ್ರತಿ ಚಟುವಟಿಕೆಯ ದಿನಾಂಕ, ಗಂಟೆ, ಫೋಟೊ, ಪ್ರಮಾಣಪತ್ರವನ್ನು ಅಂದೇ ಫೈಲಿಗೆ ಹಾಕಿ, ಮುಂದಿನ ಭೇಟಿಯಲ್ಲಿ ಆ ಹಾಳೆಯ ಮೇಲೇ ಪ್ರಾಕ್ಟರ್ ಸಹಿ ಹಾಕಿಸಿಕೊಳ್ಳುತ್ತಿದ್ದೆ. ನಡುವೆ ಪ್ರಾಕ್ಟರ್ ಬದಲಾದರೆ ಹೊಸಬರ ಮುಂದೆ ಇಡಲು ಅದೇ ದಾಖಲೆ.