ನಮ್ಮ ಮಹಿಳಾ ಸೇವಾ ಬಳಗದ ಚರಿತ್ರೆಯನ್ನು ನಾನು ಬರೆದ ಬಗೆ

ಚಿಕ್ಕಮ್ಮನ ಚಿಕಿತ್ಸೆಗೆಂದು ಚೆನ್ನೈನ ಅಡ್ಯಾರಿಗೆ ಹೋಗಿದ್ದಾಗ, ಅಲ್ಲಿನ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ಹೆಸರಿನ ಜೊತೆಗೆ ಬ್ರಾಕೆಟ್ಟಿನೊಳಗಿದ್ದ ‘ಡಬ್ಲ್ಯು.ಐ.ಎ.’ ಎಂಬ ಅಕ್ಷರಗಳು ನನ್ನ ಗಮನ ಸೆಳೆದವು. ಅದು ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್. 1917ರಲ್ಲಿ ಅಡ್ಯಾರಿನಲ್ಲಿಯೇ ಹುಟ್ಟಿದ ಮಹಿಳಾ ಸಂಘ. ಸಹೋದರಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಈ ಸಂಘದ ಆಶ್ರಯದಲ್ಲಿ ಕ್ಯಾನ್ಸರ್ ಪರಿಹಾರ ನಿಧಿಯನ್ನು ತೆರೆದು, ಹಣ ಕೂಡಿಸಿ, 1952ರಲ್ಲಿ ಜವಾಹರಲಾಲ್ ನೆಹರೂ ಅವರಿಂದ ಶಂಕುಸ್ಥಾಪನೆ ಮಾಡಿಸಿದರು. 1954ರಲ್ಲಿ 12 ಹಾಸಿಗೆಗಳೊಂದಿಗೆ ಆಸ್ಪತ್ರೆ ತೆರೆಯಿತು. ಅದು ಇಷ್ಟು ಬೆಳೆದ ಮೇಲೂ ಕಟ್ಟಿದ ಹೆಂಗಸರ ಗುರುತು ಅದರ ಹೆಸರಿನಲ್ಲಿಯೇ ಉಳಿದಿದೆ.

ನಮ್ಮ ಊರಿನ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ವರ್ಷಗಳಿಂದ ಗಂಜಿ, ಹಾಲು, ಬಟ್ಟೆ ಒದಗಿಸಿದ ನಮ್ಮ ಬಳಗದ ಬಗ್ಗೆ ಮಾತ್ರ ಎಲ್ಲಿಯೂ ಒಂದು ಸಾಲು ಬರಹವಿರಲಿಲ್ಲ. ಊರಿಗೆ ಮರಳಿದ ವಾರದಲ್ಲಿಯೇ ನಾನು ಬರೆಯಲು ಕುಳಿತೆ.

ಮೊದಲ ಕರಡನ್ನು ಅಧ್ಯಕ್ಷೆಯರ ಅವಧಿಯ ಪ್ರಕಾರ ಬರೆದಿದ್ದೆ. ಅದನ್ನು ಓದಿಸಿ ಕೇಳಿದ ಹಿರಿಯ ಸದಸ್ಯೆಯೊಬ್ಬರು, “ಬೆಳಿಗ್ಗೆ ಐದಕ್ಕೆ ಎದ್ದು ಗಂಜಿ ಕಾಯಿಸಿದವರು ಯಾರೆಂದು ಇದರಲ್ಲಿ ಎಲ್ಲಿದೆಯಮ್ಮಾ?” ಎಂದರು. ಆ ಕರಡನ್ನು ಅಲ್ಲಿಗೇ ಬಿಟ್ಟು, ನಡಾವಳಿ ಪುಸ್ತಕದ ಬದಲು ಜಮಾಖರ್ಚಿನ ಪುಸ್ತಕವನ್ನು ಹಿಡಿದೆ. ಸಭೆಯ ನಡಾವಳಿ ನಿರ್ಣಯಗಳನ್ನಷ್ಟೇ ಹೇಳುತ್ತದೆ; ಯಾವ ತಿಂಗಳು ರವೆ ತಂದರು, ಯಾವ ಮಳೆಗಾಲದಲ್ಲಿ ಹಾಲಿನ ಖರ್ಚು ಏರಿತು, ಕೂಸುಗಳಿಗೆ ಸುತ್ತಲು ಹಳೆಯ ಹತ್ತಿಸೀರೆಗಳನ್ನು ಯಾರ ಮನೆಯಿಂದ ತಂದು ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದರು ಎಂಬುದೆಲ್ಲ ಖರ್ಚಿನ ಪುಟದಲ್ಲಿಯೇ ಸಿಕ್ಕಿತು.

ಎಲ್ಲಕ್ಕಿಂತ ಕಷ್ಟವಾದದ್ದು ಹೆಸರುಗಳ ಕೆಲಸ. ಹಳೆಯ ಪುಟಗಳಲ್ಲಿ ಹೆಂಗಸರೆಲ್ಲ ‘ಡಾಕ್ಟರರ ಮನೆಯವರು’, ‘ಅಮಲ್ದಾರರ ಹೆಂಡತಿ’ ಅಥವಾ ಗಂಡನ ಹೆಸರಿನ ಹಿಂದೆ ಸೇರಿಸಿದ ‘ಶ್ರೀಮತಿ’ ಆಗಿದ್ದರು. ಮನೆಮನೆಗೆ ಹೋಗಿ, ಮಕ್ಕಳನ್ನೂ ಸೊಸೆಯಂದಿರನ್ನೂ ಕೇಳಿ, ಮದುವೆಯ ಕರೆಯೋಲೆಗಳನ್ನು ತೆಗೆಸಿ ನೋಡಿ ಅವರ ಸ್ವಂತ ಹೆಸರುಗಳನ್ನು ಪಕ್ಕದಲ್ಲಿ ಬರೆದುಕೊಂಡೆ. ಮಾತಾಡಿಸುವಾಗ ಇಸವಿ ಕೇಳಿದರೆ ಹಿರಿಯರಿಗೆ ತಡವರಿಕೆಯಾಗುತ್ತಿತ್ತು, “ಆಗ ನಿಮ್ಮ ದೊಡ್ಡ ಮಗ ಯಾವ ತರಗತಿಯಲ್ಲಿದ್ದ?” ಎಂದು ಕೇಳಿದರೆ ವರ್ಷ ತಾನಾಗಿಯೇ ಹೊರಬರುತ್ತಿತ್ತು. ಇಂಥ ಕೆಲಸಕ್ಕೆ ಕೈಹಾಕುವವರು ವಯಸ್ಸಾದವರನ್ನು ಮೊದಲು ಕಾಣಬೇಕು, ಕಾಗದಪತ್ರಗಳು ಆಮೇಲೂ ಸಿಗುತ್ತವೆ. ನಾನು ತಡಮಾಡಿದ್ದರಿಂದ ಇಬ್ಬರ ಮಾತು ನನಗೆ ದಕ್ಕಲಿಲ್ಲ, ಆ ನೋವು ಈಗಲೂ ಇದೆ.

ಬಳಗಕ್ಕೆ ಮೊದಲ ಹೊಲಿಗೆ ಯಂತ್ರ ಕೊಟ್ಟ ‘ಪೋಸ್ಟ್ ಮಾಸ್ಟರರ ಮನೆಯವರ’ ಹೆಸರು ಇನ್ನೂ ತಿಳಿದಿಲ್ಲ. ಅವರ ಹೆಸರಿನ ಜಾಗವನ್ನು ಖಾಲಿ ಬಿಟ್ಟೇ ಪುಸ್ತಕವನ್ನು ಅಚ್ಚಿಗೆ ಕೊಟ್ಟಿದ್ದೇನೆ.